ಹೊರಡಲಿರುವ ರಾಯರು

ಲೋಕದಲ್ಲಿ ಪ್ರಯಾಣ ಮಾಡುವವರೆಂದೂ ಮನೆಯಲ್ಲಿಯೇ ಉಳಿಯುವವರೆಂದೂ ಎರಡೇ ವರ್ಗದ ಜನರುಂಟೆಂದು ಭಾವಿಸಿದವರಿಗೆ ಹೊರಡಲಿರುವವರ ಪರಿಚಯ ಇನ್ನೂ ಆಗಿಲ್ಲವೆಂದೇ ಹೇಳಬೇಕು. ಹೊರಡಲಿರುವವನು ಪೆಟ್ಟಿಗೆಯನ್ನು ತುಂಬಿ ಬೀಗ ಹಾಕಿರುತ್ತಾನೆ, ಹಾಲಿನವನಿಗೂ ಪೇಪರಿನವನಿಗೂ ನಾಳೆಯಿಂದ ಬೇಡವೆಂದು ಹೇಳಿರುತ್ತಾನೆ, ತುಳಸಿಗೆ ನೀರೆರೆಯಲು ಪಕ್ಕದ ಮನೆಯವರನ್ನು ಒಪ್ಪಿಸಿರುತ್ತಾನೆ, ಕುಲದೇವರಿಗೆ ಮುಡಿಪನ್ನೂ ಕಟ್ಟಿರುತ್ತಾನೆ. ಮಾಡದೆ ಉಳಿಸಿಕೊಂಡಿರುವುದು ಹೋಗಬೇಕೆಂಬ ನಿರ್ಧಾರವೊಂದನ್ನು ಮಾತ್ರ. ಸುಭಿಕ್ಷಕಾಲದಲ್ಲಿ ಇಂಥವರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ರೈಲಿನ ಗಂಟೆಯೋ ಹೆಂಡತಿಯ ಗದರಿಕೆಯೋ ಅವರನ್ನು ಹೇಗೋ ಮನೆಯಿಂದ ಹೊರಡಿಸಿಬಿಡುತ್ತದೆ. ಆದರೆ 2020ರಲ್ಲಿ ಮಹಾವ್ಯಾಧಿಯು ಭೂಮಂಡಲವನ್ನೆಲ್ಲ ವ್ಯಾಪಿಸಿದಾಗ, ಮಗನನ್ನೋ ಮಗಳನ್ನೋ ಸಮುದ್ರದಾಚೆಗೆ ಕಳುಹಿಸಿ ಜಗುಲಿಯಲ್ಲಿ ಕುಳಿತಿದ್ದ ಶಿವಮೊಗ್ಗ ಭದ್ರಾವತಿಗಳ ಅನೇಕ ಹಿರಿಯರಲ್ಲಿ ಸುಪ್ತವಾಗಿದ್ದ ಈ ಸ್ವಭಾವವು ಏಕಕಾಲದಲ್ಲಿ ಎಚ್ಚೆತ್ತು, ಅವರ ನೆಂಟರಿಷ್ಟರ ನಿದ್ರೆಯನ್ನು ಅಪಹರಿಸಿತು.

ನನಗೆ ಪ್ರಾಪ್ತರಾದವರು ಭದ್ರಾವತಿಯ ರಾಯರು. ಅವರ ಪೂರ್ಣನಾಮವನ್ನು ಬರೆಯುವುದು ಸೌಜನ್ಯವಲ್ಲ. ಬರೆದರೆ, ಬರೆಯಬಹುದಿತ್ತೇ ಬರೆಯಬಾರದಿತ್ತೇ ಎಂಬುದನ್ನು ಚರ್ಚಿಸಲು ಅವರು ಮರುದಿನದ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಬಂದುಬಿಡುತ್ತಾರೆ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಉಕ್ಕಿನ ಕಾರ್ಖಾನೆಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗುಮಾಸ್ತರಾಗಿ ಆಯುಷ್ಯದ ಬಹುಭಾಗವನ್ನು ಕಳೆದವರು ಅವರು. ಬರಿದಾದ ಲಾರಿಯನ್ನೊಮ್ಮೆ, ತುಂಬಿದ ಲಾರಿಯನ್ನೊಮ್ಮೆ ತೂಗಿ, ವ್ಯತ್ಯಾಸವನ್ನು ರಿಜಿಸ್ಟರಿನಲ್ಲಿ ಬರೆದು ರುಜು ಹಾಕುವುದರೊಡನೆ ಅವರ ಕರ್ತವ್ಯವು ಮುಗಿಯುತ್ತಿತ್ತು; ಲಾರಿಯನ್ನು ಹೊರಕ್ಕೆ ಬಿಡತಕ್ಕವನು ಗೇಟಿನವನು. ನಿವೃತ್ತಿಯ ತರುವಾಯವೂ ರಾಯರು ಎಲ್ಲವನ್ನೂ ತೂಗುತ್ತಲೇ ಇದ್ದಾರೆ, ಆದರೆ ಗೇಟಿನವನಿಲ್ಲ. ಆ ಹುದ್ದೆಗೆ, ನನ್ನ ಅರ್ಜಿಯಿಲ್ಲದೆಯೇ, ಅವರು ನನ್ನನ್ನು ನೇಮಿಸಿಕೊಂಡರು.

ಮಗಳು ಇರುವುದು ಅಮೆರಿಕದ ಸ್ಯಾನ್ ಹೋಸೆಯಲ್ಲಿ. ಚೊಚ್ಚಲ ಬಾಣಂತನಕ್ಕೆಂದು ದಂಪತಿಗಳಿಬ್ಬರಿಗೂ 2020ರ ಏಪ್ರಿಲ್ ತಿಂಗಳಿಗೆ ಟಿಕೆಟ್ಟು ಕಾದಿರಿಸಿದ್ದಾಗಿತ್ತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿದ ಕ್ಷಣದಿಂದ ರಾಯರ ತಕ್ಕಡಿ ಅಲುಗಾಡತೊಡಗಿತು. "ಏನ್ ಮಾಡೋಣ ಹೇಳಿ ಮಾರಾಯ್ರೆ?" ಎಂದು ಪ್ರಾತಃಕಾಲ ಒಮ್ಮೆ, ಆಕಾಶವಾಣಿ ಭದ್ರಾವತಿಯ ವಾರ್ತೆ ಮುಗಿದ ಕೂಡಲೇ ಒಮ್ಮೆ, ಮಲಗುವ ಮುನ್ನ ಮತ್ತೊಮ್ಮೆ ದೂರವಾಣಿಯಲ್ಲಿ ಕೇಳುವರು. ಹೋಗಿ ಎಂದರೆ ಹೋಗಬಾರದೆಂಬುದಕ್ಕೆ ಅವರಲ್ಲಿ ಕಾರಣಗಳಿದ್ದವು. ಬೇಡವೆಂದರೆ ಹೋಗಲೇಬೇಕೆಂಬುದಕ್ಕೆ ಅದಕ್ಕಿಂತಲೂ ಉತ್ತಮವಾದ ಕಾರಣಗಳಿದ್ದವು. ಅಷ್ಟರಲ್ಲಿ ಮಾರ್ಚ್ 22ರಿಂದ ವಿದೇಶದ ವಿಮಾನಗಳನ್ನು ಸರ್ಕಾರವೇ ತಡೆಯಿತು, ಇಪ್ಪತ್ತೈದರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅಂದು ದೂರವಾಣಿಯಲ್ಲಿ ಕೇಳಿದ ರಾಯರ ಕಂಠದಲ್ಲಿ ಎಷ್ಟು ಉಲ್ಲಾಸವಿತ್ತೆಂದರೆ, ಮಗಳಿಗೆ ಆಗಲೇ ಹೆರಿಗೆಯಾಗಿರಬೇಕೆಂದು ನಾನು ಶುಭಾಶಯ ಹೇಳಿಬಿಡುವುದರಲ್ಲಿದ್ದೆ. "ನೋಡಿ, ನಮ್ಮ ಕೈಯಲ್ಲಿ ಏನಿದೆ?" ಎಂದರು. ನಿರ್ಧರಿಸಬೇಕಾದ ಭಾರವನ್ನು ತನ್ನ ಹೆಗಲಿನಿಂದ ಇಳಿಸಿದ ಪ್ರಭುತ್ವದ ಮೇಲೆ ಮನುಷ್ಯನಿಗೆ ಇಷ್ಟೊಂದು ಪ್ರೀತಿ ಉಂಟಾಗಬಲ್ಲದೆಂಬುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೇ ತಿಂಗಳಿನಲ್ಲಿ ಮೊಮ್ಮಗಳು ಹುಟ್ಟಿದಳು. ಶಿವಮೊಗ್ಗ ಜಿಲ್ಲೆಯು ಆಗ ಹಸಿರು ವಲಯದಲ್ಲಿತ್ತು. "ಬೆಂಕಿ ಬಿದ್ದಿರೋ ಕಡೆಗೆ ಹಸಿರಿನಿಂದ ಯಾರಾದರೂ ಹೋಗ್ತಾರಾ?" ಎಂದು ಕೇಳಿದರು, ತಮ್ಮ ಊರಿನ ಪೂರ್ವನಾಮ ಬೆಂಕಿಪುರವೆಂಬುದನ್ನು ಆ ಕ್ಷಣಕ್ಕೆ ಮರೆತು. ಮೇ 10ರಂದು ಹೊರರಾಜ್ಯದಿಂದ ಮರಳಿದ ಎಂಟು ಮಂದಿಯಲ್ಲಿ ಸೋಂಕು ಕಂಡುಬಂದು ನಮ್ಮ ಹಸಿರು ಹಾರಿಹೋಗಲು, "ಇಲ್ಲೂ ಬಂತಲ್ಲ, ಇನ್ನು ಅಲ್ಲಿಗೆ ಹೋಗೋದೇ ವಾಸಿ ಏನೋ" ಎಂದು ಆರಂಭಿಸಿದರು. ಅದೇ ವೇಳೆಗೆ ವಂದೇ ಭಾರತ್ ಎಂಬ ಹೆಸರಿನ ವಿಮಾನಗಳು ಹಾರತೊಡಗಿದ್ದವು; ಜುಲೈಯಲ್ಲಿ ಅಮೆರಿಕದೊಡನೆ ಏರ್ ಬಬಲ್ ಎಂಬ ಒಡಂಬಡಿಕೆಯೂ ಆಗಿ ರಾಯರ ನೆಮ್ಮದಿಯು ಪೂರ್ಣವಾಗಿ ಹಾಳಾಯಿತು. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನೇರ ವಿಮಾನವೇ ಆರಂಭವಾಗಿ, ಮೊದಲ ವಿಮಾನವು ಉತ್ತರಧ್ರುವದ ಮೇಲಿನಿಂದ ಬಂದಿತೆಂಬ ವರ್ತಮಾನವನ್ನು ಓದಿದವರು, ಧ್ರುವದ ಮೇಲೆ ಹಾದುಹೋಗುವಾಗ ಮಫ್ಲರು ಸಾಕಾದೀತೇ ಎಂದು ನನ್ನನ್ನು ಗಂಭೀರವಾಗಿ ವಿಚಾರಿಸಿದರು.

ಇಲ್ಲಿ ಚಕ್ಕುಲಿಯ ವಿಷಯವನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅಮೆರಿಕಕ್ಕೆ ಹೋಗುವವರು ತಲೆಗೆ ಇಪ್ಪತ್ಮೂರು ಕಿಲೋ ತೂಕದ ಎರಡು ಪೆಟ್ಟಿಗೆಗಳನ್ನು ಒಯ್ಯಬಹುದಷ್ಟೆ. ಪ್ರತಿಯೊಂದು ಹೊರಡುವಿಕೆಗೂ ಮುನ್ನ ರಾಯರ ಮನೆಯವರು ಚಕ್ಕುಲಿ, ಕೋಡುಬಳೆ, ಹಲಸಿನ ಹಪ್ಪಳ, ಮೆಂತ್ಯದ ಹಿಟ್ಟು, ಬಾಣಂತಿಯ ಲೇಹ್ಯ, ಅಪ್ಪೆಮಿಡಿ ಉಪ್ಪಿನಕಾಯಿ ಇವೆಲ್ಲವನ್ನೂ ಸಿದ್ಧಗೊಳಿಸುವರು. ರಾಯರು ಪೆಟ್ಟಿಗೆಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಮೊತ್ತದಲ್ಲಿ ತಮ್ಮ ಸ್ವಂತ ತೂಕವನ್ನು ಕಳೆದು ಬರೆದುಕೊಳ್ಳುವರು. ಚಿಂತೆಯಿಂದ ಅವರ ಸ್ವಂತ ತೂಕವು ದಿನದಿನಕ್ಕೂ ಇಳಿಯುತ್ತಿದ್ದುದರಿಂದ ಲೆಕ್ಕವು ಎಂದೂ ಸರಿಹೊಂದುತ್ತಿರಲಿಲ್ಲ. ಪ್ರಯಾಣವು ತಪ್ಪಿದೊಡನೆ ತಿಂಡಿಗಳು ಹಳತಾಗಬಾರದೆಂದು ಡಬ್ಬಿಗಳು ದುರ್ಗಿಗುಡಿಯ ನಮ್ಮ ಮನೆಗೆ ಬರುವುವು. ಹೀಗೆ ಲೋಕವೆಲ್ಲ ಕಷ್ಟದಲ್ಲಿದ್ದ ಆ ಎರಡು ವರ್ಷಗಳಲ್ಲಿ ನಾನು ಸ್ಥೂಲಕಾಯನಾದೆ. ರಾಯರಿಗೆ ನಾನಿತ್ತ ಸಲಹೆಗಳು ಎಷ್ಟರಮಟ್ಟಿಗೆ ನಿಷ್ಪಕ್ಷಪಾತವಾಗಿದ್ದುವೆಂದು ನನ್ನ ಹೆಂಡತಿಯು ಕೇಳುತ್ತಿದ್ದ ಪ್ರಶ್ನೆಗೆ ನನ್ನ ಬಾಯಿ ತುಂಬಿರುತ್ತಿದ್ದುದರಿಂದ ಉತ್ತರ ಕೊಡಲಾಗುತ್ತಿರಲಿಲ್ಲ.

ಲಸಿಕೆಯ ಪ್ರಕರಣವು ಬೇರೊಂದು ಪುರಾಣ, ಸಂಕ್ಷೇಪವಾಗಿ ಹೇಳುತ್ತೇನೆ. ಸ್ವದೇಶಾಭಿಮಾನಿಗಳಾದ ರಾಯರು ಹುಡುಕಿಕೊಂಡು ಹೋಗಿ ಕೊವ್ಯಾಕ್ಸಿನ್ನನ್ನೇ ಹಾಕಿಸಿಕೊಂಡರು. ಅನಂತರ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದರ ಹೆಸರಿಲ್ಲವೆಂದು ತಿಳಿದು, ಅಭಿಮಾನವನ್ನೂ ಮೊಮ್ಮಗಳನ್ನೂ ಎದುರುಬದುರಾಗಿಟ್ಟು ತಿಂಗಳುಗಟ್ಟಲೆ ತೂಗಿದರು. ಮೇ 4ರಿಂದ ಅಮೆರಿಕವು ಭಾರತದಿಂದ ಬರುವ ಪರದೇಶೀಯರನ್ನು ತಡೆದಾಗ ಮತ್ತೊಮ್ಮೆ ನಿಶ್ಚಿಂತರಾದರು. ನವೆಂಬರ್ 3ರಂದು ಕೊವ್ಯಾಕ್ಸಿನ್ನಿಗೆ ಮನ್ನಣೆ ದೊರೆಯಿತು, ಎಂಟರಂದು ಲಸಿಕೆಯಾದವರಿಗೆ ಅಮೆರಿಕದ ಬಾಗಿಲು ತೆರೆಯಿತು. ಐದೇ ದಿನಗಳ ಅಂತರದಲ್ಲಿ ತಮಗೆ ಬಂದೊದಗಿದ ಈ ಎರಡು ವಿಪತ್ತುಗಳನ್ನು ವರ್ಣಿಸಲು ರಾಯರು ಸ್ವತಃ ಬಸ್ಸು ಹತ್ತಿ ಬಂದರು.

ಡಿಸೆಂಬರಿನ ಎರಡನೆಯ ವಾರಕ್ಕೆ ಟಿಕೆಟ್ಟಾಯಿತು. ವಿಮಾನವೇರುವ ಮುನ್ನ ಮೂರು ದಿನಗಳೊಳಗೆ ಗಂಟಲು ದ್ರವವನ್ನು ಪರೀಕ್ಷೆಗೆ ಕೊಟ್ಟು, ಸೋಂಕಿಲ್ಲವೆಂಬ ವರದಿಯನ್ನು ಪಡೆದಿರಬೇಕು. ಶಿವಮೊಗ್ಗದಲ್ಲಿ ದ್ರವವನ್ನು ಕೊಟ್ಟರೆ ವರದಿಯು ಎಷ್ಟು ಹೊತ್ತಿಗೆ ಬಂದೀತು, ಬಂದ ಮೇಲೆ ದೇವನಹಳ್ಳಿಯನ್ನು ಸೇರಲು ಎಷ್ಟು ಹೊತ್ತಾದೀತು, ತರೀಕೆರೆಯ ಹತ್ತಿರ ಟೈರು ಪಂಕ್ಚರಾದರೆ ಎಷ್ಟು ಸೇರಿಸಬೇಕು ಎಂಬುದನ್ನೆಲ್ಲ ಬರೆದಿದ್ದ ಹಾಳೆಯೊಂದನ್ನು ಅವರು ನಮ್ಮ ನಡುಮನೆಯಲ್ಲಿ ಹರಡಿದರು. ಅಷ್ಟರಲ್ಲಿ ನವೆಂಬರ್ 26ರಂದು ಹೊಸ ರೂಪದ ವೈರಾಣುವಿಗೆ ಒಮಿಕ್ರಾನ್ ಎಂಬ ನಾಮಕರಣವಾಯಿತು. ಡಿಸೆಂಬರ್ 2ರಂದು ದೇಶದ ಮೊತ್ತಮೊದಲಿನ ಎರಡು ಪ್ರಕರಣಗಳು, ಇಷ್ಟು ವಿಶಾಲವಾದ ಭಾರತದಲ್ಲಿ ಬೇರಾವ ಊರೂ ಸಿಗದಂತೆ, ಬೆಂಗಳೂರಿನಲ್ಲಿಯೇ ಪತ್ತೆಯಾದವು. ಅದೇ ದಿನ ಅಮೆರಿಕವು, ಮೂರು ದಿನವಲ್ಲ, ಒಂದೇ ದಿನದೊಳಗಿನ ಪರೀಕ್ಷೆಯಾಗಬೇಕೆಂದು ಸಾರಿತು.

ಒಂದು ದಿನ ಸರಿಯೆ, ಆದರೆ ಯಾರ ದಿನ? ಭದ್ರಾವತಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರ. ನಮ್ಮ ಸೋಮವಾರದಲ್ಲಿ ಕೊಟ್ಟ ದ್ರವವು ಅವರ ಭಾನುವಾರದ್ದೆಂದು ಎಣಿಸಲ್ಪಟ್ಟರೆ ಗತಿಯೇನೆಂದು ರಾಯರು ಹಾಳೆಯ ಮೇಲೆ ಎರಡು ಗಡಿಯಾರಗಳ ಚಿತ್ರವನ್ನು ಬರೆದು ಮುಳ್ಳುಗಳನ್ನು ಅಳಿಸಿ ಅಳಿಸಿ ತಿದ್ದಿದರು. ಹೊರಡುವ ಸ್ಥಳದ ದಿನವೇ ಲೆಕ್ಕಕ್ಕೆಂದು ನಾನು ಎಷ್ಟು ಹೇಳಿದರೂ ನನ್ನ ಮಾತಿಗೆ ರುಜುವೂ ಮೊಹರೂ ಇರಲಿಲ್ಲವಾಗಿ ಅದು ಅಂಗೀಕೃತವಾಗಲಿಲ್ಲ. ಕಡೆಗೆ ಅವರು ಕೈಗೊಂಡ ಉಪಾಯವನ್ನು ಕೇಳಿ: ಪ್ರಯಾಣಕ್ಕೆ ಎಂಟು ದಿನ ಮೊದಲೇ, ವರದಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಅಳೆಯುವ ಏಕೈಕ ಉದ್ದೇಶದಿಂದ, ಶಿವಮೊಗ್ಗದ ಒಂದು ಪ್ರಯೋಗಾಲಯದಲ್ಲಿ ಹಣ ತೆತ್ತು ತಮ್ಮ ದ್ರವವನ್ನು ಪೂರ್ವಾಭ್ಯಾಸವಾಗಿ ಕೊಟ್ಟರು. ವರದಿಯು ಅದೇ ಸಂಜೆ ಬಂದಿತು, ಸೋಂಕು ಇರಲಿಲ್ಲ. ಆದರೆ ಮೂಗಿನೊಳಗೆ ಕಡ್ಡಿಯಾಡಿಸಿದ್ದರಿಂದ ರಾಯರಿಗೆ ಸೀನು ಹತ್ತಿತು. ಸೀನು ಬಂದುದರಿಂದ, ಪ್ರಯೋಗಾಲಯದ ಸಾಲಿನಲ್ಲಿ ನಿಂತಿದ್ದವರಿಂದ ತಮಗೆ ಅಂಟಿರಬೇಕೆಂಬ ಶಂಕೆ ಹುಟ್ಟಿತು. ಶಂಕೆಯಿಂದ ರಾತ್ರಿ ಮೈ ಬಿಸಿಯಾಯಿತು. ಮರುದಿನ ಟಿಕೆಟ್ಟು ರದ್ದಾಯಿತು, ಮೂರನೆಯ ದಿನ ನಮ್ಮ ಮನೆಗೆ ಚಕ್ಕುಲಿ ಬಂದಿತು.

ಈ ಸಲ ನನಗೆ ನಿಜವಾಗಿಯೂ ಕೋಪ ಬಂದಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಪ್ರತಿ ಬೇಸಗೆಯಲ್ಲೂ ಎದುರಿಸುವ ಜಿಲ್ಲೆಯವರು ನಾವು, ಜಗತ್ತಿನ ವೈದ್ಯಗ್ರಂಥಗಳಲ್ಲಿ ಒಂದು ರೋಗಕ್ಕೆ ನಮ್ಮ ಊರಿನ ಹೆಸರಿದೆ, ನಮಗೇಕೆ ಇಷ್ಟು ಭಯವೆಂದು ಅವರದೇ ಹಳೆಯ ವಾದವನ್ನು ಅವರಿಗೇ ಒಪ್ಪಿಸಿದೆ. ಇನ್‌ಫ್ಲುಯೆಂಜಾ ಇನ್ನೂ ಪೂರ್ತಿ ಅಡಗದಿದ್ದ 1919-20ರಲ್ಲಿ ವಿಶ್ವೇಶ್ವರಯ್ಯನವರು ವಿದೇಶಗಳನ್ನು ಸುತ್ತಿ ಲಂಡನ್ನಿನಲ್ಲಿ ಪುಸ್ತಕವನ್ನೂ ಅಚ್ಚು ಹಾಕಿಸಲಿಲ್ಲವೇ ಎಂದೂ ಕೇಳಿದೆ. "ಅವರಿಗೆ ಈ ಥರ ಯೋಚನೆ ಮಾಡೋ ಚಾಳಿ ಇರಲಿಲ್ಲ" ಎಂದು ಒಳಗಿನಿಂದ ರಾಯರ ಮನೆಯವರು ಹೇಳಿದರು.

ರಾಯರು ಬಹಳ ಹೊತ್ತು ಸುಮ್ಮನಿದ್ದು, ಅವರ ಬೀದಿಯ ಒಬ್ಬ ಸಹೋದ್ಯೋಗಿಯ ಮಾತೆತ್ತಿದರು. ಎರಡನೆಯ ಅಲೆಯಲ್ಲಿ ತೀರಿಕೊಂಡವರು ಆತ. ಅಮೆರಿಕದಲ್ಲಿದ್ದ ಮಗ, ಬಂದರೆ ಮರಳಿ ಹೋಗಲು ದಾರಿಯಿಲ್ಲದೆ, ಉದ್ಯೋಗವನ್ನೂ ಹೆಂಡತಿ ಮಕ್ಕಳನ್ನೂ ಬಿಟ್ಟು ಬರಲಾಗದೆ, ಅಲ್ಲಿಯೇ ಉಳಿದನು. ಅಸ್ಥಿಯನ್ನು ಕೂಡಲಿಗೆ ಒಯ್ದವರು ನೆರೆಯ ಹುಡುಗರು. ತುಂಗೆಯೂ ಭದ್ರೆಯೂ ಸೇರುವ ಆ ಸ್ಥಳದಲ್ಲಿ ಮಗನಿಗೆ ಕಾಣುವಂತೆ ಫೋನನ್ನು ಎತ್ತಿ ಹಿಡಿದು ನಿಂತಿದ್ದವರು ನಮ್ಮ ರಾಯರು. "ನಾನು ಅಲ್ಲಿ ಹೋದರೆ ಅವಳಿಗೆ ಕಷ್ಟ, ಇಲ್ಲಿ ಹೋದರೆ ಅವಳಿಗೆ ಬರಲಿಕ್ಕಾಗೋಲ್ಲ. ಎರಡೂ ಕಡೆ ಒಂದೇ ತೂಕ ಬರುತ್ತೆ, ಏನ್ ಮಾಡೋಣ ಹೇಳಿ" ಎಂದರು. ಅವರ ಪ್ರಶ್ನೆಗಳಲ್ಲಿ ನನ್ನಿಂದ ಯಾವ ಉತ್ತರವನ್ನೂ ಅಪೇಕ್ಷಿಸದೆ ಕೇಳಿದುದು ಇದೊಂದೇ. ಅವರ ಜೇಬಿನ ಪುಸ್ತಕದಲ್ಲಿ, ಗಡಿಯಾರಗಳ ಲೆಕ್ಕದ ಹಿಂದಿನ ಪುಟದಲ್ಲಿ, ಮೊಮ್ಮಗಳ ತೂಕವು ಹುಟ್ಟಿದ ದಿನದಿಂದ ಮೊದಲ್ಗೊಂಡು ತಿಂಗಳು ತಿಂಗಳೂ ಬರೆದಿರುವುದು ಆಗ ನನ್ನ ಕಣ್ಣಿಗೆ ಬಿತ್ತು. ಎತ್ತಿಕೊಳ್ಳದ ಮಗುವಿನ ತೂಕವನ್ನು ಗ್ರಾಮಿನವರೆಗೂ ಬಲ್ಲ ಅಜ್ಜನನ್ನು ನಾನು ಬೇರೆ ಕಂಡಿಲ್ಲ. ಹೆತ್ತವರು ಮಕ್ಕಳನ್ನು ದೂರಕ್ಕೆ ಕಳುಹಿಸುವಾಗ ಹೋಗುವ ದಾರಿಯನ್ನಷ್ಟೇ ಯೋಚಿಸುತ್ತಾರೆ, ಬರುವ ದಾರಿ ಸದಾ ತೆರೆದಿರುವುದೆಂದು ನಂಬಿ... ಆದರೆ ನಾನು ಉಪದೇಶಕ್ಕೆ ಕುಳಿತವನಲ್ಲ. ಅಲ್ಲದೆ ಆ ಮರುದಿನವೇ ರಾಯರು ಬೆಳಗಿನ ಐದು ಗಂಟೆಗೆ ದೂರವಾಣಿ ಮಾಡಿ, ರದ್ದುಗೊಳಿಸಿದ ಟಿಕೆಟ್ಟನ್ನು ಮತ್ತೆ ಊರ್ಜಿತಗೊಳಿಸಲು ಬರುವುದೇ ಎಂದು ಕೇಳಿ ನನ್ನ ಕರುಣೆಯನ್ನೆಲ್ಲ ಇಂಗಿಸಿದರು.

2022ರ ಮಾರ್ಚ್ 27ರಿಂದ ವಿದೇಶದ ವಿಮಾನಗಳು ಮೊದಲಿನಂತೆ ಹಾರತೊಡಗಿದವು. ಜೂನ್ 12ರಂದು ಅಮೆರಿಕವು ಪರೀಕ್ಷೆಯ ನಿಬಂಧನೆಯನ್ನೂ ತೆಗೆದುಹಾಕಿತು. ತೂಗುವುದಕ್ಕೆ ಏನೂ ಉಳಿಯದೆ ರಾಯರು ಕಳಾಹೀನರಾಗಿ ಕುಳಿತಿರಲು, ಅವರ ಮನೆಯವರು ಆ ತಿಂಗಳ ಕೊನೆಯಲ್ಲಿ, ಮಂಡಿನೋವಿನ ಕಾರಣವಾಗಿ ಗಾಲಿಕುರ್ಚಿಯ ಏರ್ಪಾಡು ಮಾಡಿಸಿಕೊಂಡು, ಯಾರನ್ನೂ ಕೇಳದೆ ಒಬ್ಬರೇ ಹೋಗಿ, ಐದು ತಿಂಗಳಿದ್ದು, ಮೊಮ್ಮಗಳಿಗೆ ಕನ್ನಡವನ್ನೂ ಅಳಿಯನಿಗೆ ತಂಬುಳಿ ಮಾಡುವುದನ್ನೂ ಕಲಿಸಿ ಬಂದರು. ರಾಯರು ಹಿಂದುಳಿದರು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ಮಾತು ಬಂದಾಗ, ಇಂಥ ಸಮಯದಲ್ಲಿ ಊರು ಬಿಡುವುದು ಹೇಗೆಂದರು. ಅದು ನ್ಯಾಯವಾದ ಮಾತೆಂದು ನಾನೂ ಒಪ್ಪಿದೆ. ಸೋಗಾನೆಯಲ್ಲಿ ವಿಮಾನನಿಲ್ದಾಣವಾಗಲಿ, ಇಲ್ಲಿಂದಲೇ ಹಾರೋಣವೆಂದರು. ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನವೂ ಬಂದಿತು. ನಡುವೆ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಪ್ರಕಟಿಸಿದ್ದನ್ನು ರಾಯರು ಇನ್ನೂ ಪೂರ್ಣವಾಗಿ ನಂಬಿಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಭದ್ರಾವತಿಯ ಕಡೆಯಿಂದ ಸ್ಯಾನ್ ಹೋಸೆಗೆ ಹೊರಟ ಸಜ್ಜನರು ಯಾರಾದರೂ ಇದ್ದರೆ, ದಯವಿಟ್ಟು ರಾಯರ ಅಭಿಪ್ರಾಯವನ್ನು ಕೇಳದೆ, ತಮ್ಮ ಅಭಿಪ್ರಾಯವನ್ನೂ ಹೇಳದೆ, ಅವರ ಕೈಹಿಡಿದು ಕರೆದುಕೊಂಡು ಹೋಗಬೇಕು. ವೀಸಾ ಇದೆ, ವಿಮೆ ಮಾಡಿಸಿದೆ, ಪೆಟ್ಟಿಗೆ ಇಪ್ಪತ್ತೆರಡೂ ಮುಕ್ಕಾಲು ಕಿಲೋಗೆ ಬಂದು ನಿಂತಿದೆ. ಚಕ್ಕುಲಿಯ ಮೇಲೆ ನನಗಿದ್ದ ಹಕ್ಕನ್ನು ನಾನು ಬಿಟ್ಟುಕೊಟ್ಟಿದ್ದೇನೆ.