ಎರಡನೇ ಭಾಗದ ಭಕ್ತರು

2005ರ ಏಪ್ರಿಲ್ ತಿಂಗಳು. ಲಾಸ್ ಏಂಜಲೀಸ್‌ನ ಹಾಲಿವುಡ್ ಬುಲೆವಾರ್ಡ್‌ನಲ್ಲಿರುವ ಗ್ರೌಮನ್ಸ್ ಚೈನೀಸ್ ಥಿಯೇಟರ್ ಎದುರು ಒಂದಷ್ಟು ಮಂದಿ ಮಡಚುವ ಕುರ್ಚಿ ಹಾಕಿಕೊಂಡು ಕ್ಯೂ ಕೂತರು. ‘ಸ್ಟಾರ್ ವಾರ್ಸ್’ ಸರಣಿಯ ‘ರಿವೆಂಜ್ ಆಫ್ ದ ಸಿತ್’ ಬಿಡುಗಡೆಯಾಗುವುದು ಮೇ 19ಕ್ಕೆ. ಅಷ್ಟು ಮುಂಚೆ ಬಂದು ಕೂತದ್ದು ದೊಡ್ಡ ಸಂಗತಿಯೇನಲ್ಲ. ವಾರಗಟ್ಟಲೆ ಫುಟ್‌ಪಾತ್ ಮೇಲೆ ಪಾಳಿ ಹಾಕಿಕೊಂಡು ಕಾಯುವುದು ಆ ಪಂಗಡದಲ್ಲಿ ರೂಢಿಯೇ. ತಮಾಷೆ ಇದ್ದದ್ದು ಬೇರೆ ಕಡೆ. ಸಿನಿಮಾ ಆ ಥಿಯೇಟರಿಗೆ ಬರುವುದೇ ಇಲ್ಲ, ಸುಮಾರು ಒಂದು ಮೈಲಿ ಆಚೆಯ ಆರ್ಕ್‌ಲೈಟ್‌ನಲ್ಲಿ ಹಾಕುತ್ತಾರೆ ಎಂದು ಸುದ್ದಿ ಬಂದಿತ್ತು. ಪತ್ರಿಕೆಯವರು ಬಂದು ವಿಚಾರಿಸಿಕೊಂಡು ಹೋದರು. ಕ್ಯೂ ಜಗ್ಗಲಿಲ್ಲ.

ಇದನ್ನು ಹುಚ್ಚು ಅಂದುಬಿಡುವುದು ಸುಲಭ. ಆದರೆ ಆ ಜಾಗದ ಮಹಿಮೆಯನ್ನೂ ಕೊಂಚ ನೋಡಬೇಕು. 1977ರ ಆಗಸ್ಟ್‌ನಲ್ಲಿ ಅದೇ ಥಿಯೇಟರಿನ ಅಂಗಳದ ಹಸಿ ಸಿಮೆಂಟಿನಲ್ಲಿ ಡಾರ್ತ್ ವೇಡರ್ ಮತ್ತು ಎರಡು ರೋಬೋಟುಗಳ ಹೆಜ್ಜೆಗುರುತು ಹಾಕಿಸಿದ್ದರು. ಪಾದವೇ ಇಲ್ಲಿರುವಾಗ ಉತ್ಸವಮೂರ್ತಿ ಬೇರೆ ಬೀದಿಯಲ್ಲಿ ಹೊರಟರೆ ತಪ್ಪು ಯಾರದು? ಭಕ್ತರದಂತೂ ಅಲ್ಲ.

ವೈಜ್ಞಾನಿಕ ಸಿನಿಮಾದ ಮುಂದಿನ ಭಾಗಕ್ಕೆ ಕಾಯುವ ಅಭಿಮಾನಿಯ ಜಾತಕವೆಲ್ಲ ಆ ಕ್ಯೂನಲ್ಲೇ ಇದೆ. ಎದುರಿಗಿರುವ ಸಂಗತಿಗೂ ತಲೆಯೊಳಗಿನ ನಿರೀಕ್ಷೆಗೂ ಜಗಳ ಬಿದ್ದರೆ ಅವನು ಹಿಂದುಮುಂದು ನೋಡದೆ ನಿರೀಕ್ಷೆಯ ಪಕ್ಷ ವಹಿಸುತ್ತಾನೆ. ಸಿನಿಮಾ ತಪ್ಪಬಹುದು, ನಿರ್ದೇಶಕ ತಪ್ಪಬಹುದು, ಥಿಯೇಟರ್ ತಪ್ಪಬಹುದು. ಅವನು ಅಂದುಕೊಂಡದ್ದು ಮಾತ್ರ ತಪ್ಪುವುದಿಲ್ಲ.

ಈ ಪಂಗಡದ ಸುವರ್ಣಯುಗ ಯಾವುದೆಂದು ಕೇಳಿದರೆ, 1980ರ ಮೇ ತಿಂಗಳಿಂದ 1983ರ ಮೇ ತಿಂಗಳವರೆಗೆ ಎನ್ನಬೇಕು. ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಕೊನೆಗೆ ಕಪ್ಪು ಮುಖವಾಡದ ವೇಡರ್, ತಾನೇ ನಾಯಕ ಲ್ಯೂಕ್‌ನ ತಂದೆ ಎಂದು ಸಾರಿ ಕೂತಿದ್ದ. ಗುಟ್ಟು ಎಷ್ಟು ಬಿಗಿಯಾಗಿತ್ತೆಂದರೆ, ವೇಡರನ ವೇಷದೊಳಗಿದ್ದ ನಟ ಡೇವಿಡ್ ಪ್ರೌಸ್‌ಗೆ ಶೂಟಿಂಗ್ ವೇಳೆ ಬೇರೆಯದೇ ಡೈಲಾಗ್ ಕೊಟ್ಟಿದ್ದರು. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಕ್ಯಾಮೆರಾ ಓಡುವ ಸ್ವಲ್ಪ ಮುಂಚೆ ಕಿವಿಯಲ್ಲಿ ಹೇಳಿದರು. ಆಮೇಲೆ ದನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಅಸಲಿ ಸಾಲನ್ನು ಓದಿ, ಈ ವೇಡರ್ ಸುಳ್ಳು ಬುರುಡೆ ಬಿಡುತ್ತಿದ್ದಾನೆ ಅಂದುಕೊಂಡರಂತೆ. ಮಾತಾಡಿದವನಿಗೇ ನಂಬಿಕೆ ಇಲ್ಲದ ಮಾತನ್ನು ಊರೆಲ್ಲ ಮೂರು ವರ್ಷ ಜಗಿಯಿತು. ಅವನು ನಿಜಕ್ಕೂ ಅಪ್ಪನೇ? ಅಪ್ಪನಾಗಿದ್ದರೆ ಗುರು ಓಬಿ-ವಾನ್ ಸುಳ್ಳು ಹೇಳಿದ್ದೇಕೆ? ಗಟ್ಟಿಯಾಗಿ ಹೆಪ್ಪುಗಟ್ಟಿಸಿಟ್ಟ ಹ್ಯಾನ್ ಸೋಲೊ ಬದುಕಿ ಬರುತ್ತಾನೋ, ಇಲ್ಲವೋ? ಶಾಲೆಯ ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ಕಾಮಿಕ್ಸ್ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಎರಡಕ್ಕೂ ಸಾಕ್ಷಿ ಅದೇ ಎರಡು ಗಂಟೆಯ ಸಿನಿಮಾ.

ನಿರ್ಮಾಪಕ ಜಾರ್ಜ್ ಲ್ಯೂಕಸ್‌ಗೂ ಈ ಜನ ಎಂಥವರೆಂದು ಚೆನ್ನಾಗಿ ಗೊತ್ತಿತ್ತು. ಮೂರನೇ ಚಿತ್ರದ ಶೂಟಿಂಗ್ ಎಲ್ಲಿ ನಡೆಯುತ್ತಿದೆಯೆಂದು ಮೂಸಿಕೊಂಡು ಬರಬಾರದೆಂದು ‘ಬ್ಲೂ ಹಾರ್ವೆಸ್ಟ್’ ಎಂಬ ಸುಳ್ಳು ಹೆಸರಿಟ್ಟು, ಊಹೆಗೂ ಮೀರಿದ ಭಯಾನಕ ಚಿತ್ರ ಎಂಬರ್ಥದ ಅಡಿಬರಹ ಸೇರಿಸಿ, ಆ ಹೆಸರಿನ ಟೋಪಿ, ಟೀ ಶರ್ಟುಗಳನ್ನೂ ಹೊಲಿಸಿ ಹಂಚಿದರು. ಅಸಲಿ ಹೆಸರಾದರೂ ನಿಂತಲ್ಲಿ ನಿಂತಿತೇ? ‘ರಿವೆಂಜ್ ಆಫ್ ದ ಜೆಡೈ’ ಎಂದು ಪೋಸ್ಟರ್ ಅಚ್ಚಾದ ಮೇಲೆ, ಜೆಡೈ ಪಂಥದವರು ಸೇಡು ತೀರಿಸಿಕೊಳ್ಳುವವರಲ್ಲ ಎಂಬ ವಿಚಾರ ಹೊಳೆದು ‘ರಿಟರ್ನ್’ ಎಂದು ಬದಲಾಯಿತು. ತಪ್ಪು ಹೆಸರಿನ ಪೋಸ್ಟರುಗಳನ್ನು ಅಭಿಮಾನಿ ಸಂಘದ ಸದಸ್ಯರಿಗೇ ಮಾರಿದರು. ರದ್ದಿಗೆ ಹೋಗಬೇಕಾದ ಕಾಗದ ಅವರ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ನಿಂತಿತು.

ಮೂರನೇ ಭಾಗ ಬಂತು. ಸಾಯಲು ಮಲಗಿದ್ದ ಮುದಿ ಗುರು ಯೋಡಾ ‘ಹೌದು, ಅವನೇ ನಿನ್ನಪ್ಪ’ ಎಂಬರ್ಥದ ಮಾತು ಹೇಳಿಬಿಟ್ಟ. ಮೂರು ವರ್ಷದ ವಾದ ಅಲ್ಲಿಗೆ ಖತಂ. ಗೆದ್ದವರಿಗೂ ಕೈ ಬರಿದಾದ ಹಾಗಾಯಿತು.

‘ಸ್ಟಾರ್ ಟ್ರೆಕ್’ ಬಳಗದವರು ಇವರಷ್ಟು ಸಾಧುಗಳಲ್ಲ. ಪತ್ರ ಬರೆದು ಬರೆದು ಸರ್ಕಾರವನ್ನೇ ಮಣಿಸಿದ ಜನ. 1976ರಲ್ಲಿ ನಾಸಾದ ಮೊದಲ ಶಟಲ್‌ಗೆ ‘ಕಾನ್‌ಸ್ಟಿಟ್ಯೂಶನ್’ ಎಂದು ಹೆಸರಿಡುವುದಿತ್ತು. ಅಧ್ಯಕ್ಷ ಫೋರ್ಡ್ ಅವರಿಗೆ ಬಂದು ಬಿದ್ದ ಪತ್ರಗಳ ರಾಶಿಗೆ ಅದು ‘ಸ್ಟಾರ್ ಟ್ರೆಕ್’ ನೌಕೆಯ ಹೆಸರಾದ ‘ಎಂಟರ್‌ಪ್ರೈಸ್’ ಆಯಿತು. ಎರಡನೇ ಸಿನಿಮಾದಲ್ಲಿ ಚೂಪುಗಿವಿಯ ಸ್ಪಾಕ್ ಸಾಯುತ್ತಾನೆಂಬ ಗುಟ್ಟು ಸೋರಿದಾಗ ಇಂಥವರು ಸುಮ್ಮನಿದ್ದಾರೆಯೇ? ಸಿನಿಮಾ ಉದ್ಯಮದ ಪತ್ರಿಕೆಯಲ್ಲಿ ಜಾಹೀರಾತನ್ನೇ ಹಾಕಿಸಿದರು. ಅದರಲ್ಲಿ ಅಳು ಇರಲಿಲ್ಲ, ಲೆಕ್ಕ ಇತ್ತು: ಸ್ಪಾಕ್‌ನನ್ನು ಕೊಂದರೆ ಪ್ಯಾರಾಮೌಂಟ್‌ ಕಂಪನಿಗೆ 2.8 ಕೋಟಿ ಡಾಲರ್ ಖೋತಾ.

ನಿರ್ದೇಶಕ ನಿಕೊಲಸ್ ಮೇಯರ್ ಚಾಣಾಕ್ಷ. 1982ರ ಜೂನ್‌ನಲ್ಲಿ ತೆರೆ ಕಂಡ ‘ದ ರಾತ್ ಆಫ್ ಖಾನ್’ ಶುರುವಾದ ಕೆಲವೇ ನಿಮಿಷಕ್ಕೆ ನೌಕೆಯ ಮೇಲೆ ದಾಳಿ, ಬೆಂಕಿ, ಹೊಗೆ, ಸ್ಪಾಕ್ ನೆಲಕ್ಕುರುಳುತ್ತಾನೆ. ಪ್ರೇಕ್ಷಕರು ಎದೆ ಹಿಡಿದುಕೊಳ್ಳುವಷ್ಟರಲ್ಲಿ ದೀಪ ಹೊತ್ತುತ್ತದೆ. ಅದು ತರಬೇತಿಗಾಗಿ ಆಡಿದ ನಾಟಕ. ಎದ್ದು ಬಂದ ಸ್ಪಾಕ್‌ನನ್ನು ಕ್ಯಾಪ್ಟನ್ ಕರ್ಕ್, ನೀನು ಸತ್ತಿರಲಿಲ್ಲವೇನಯ್ಯಾ ಎಂದು ಛೇಡಿಸುತ್ತಾನೆ. ಓಹೋ, ಹಬ್ಬಿದ್ದ ಸುದ್ದಿ ಇಷ್ಟೇ ಏನು ಎಂದು ಥಿಯೇಟರ್ ನಿಟ್ಟುಸಿರುಬಿಟ್ಟು ಹಗುರಾದ ಮೇಲೆ, ಕೊನೆಯ ರೀಲಿನಲ್ಲಿ ಮೇಯರ್ ಸ್ಪಾಕ್‌ನನ್ನು ನಿಜವಾಗಿ ಸಾಯಿಸಿದರು. ಎರಡು ವರ್ಷಕ್ಕೆ ಬಂದ ಮೂರನೇ ಚಿತ್ರದ ಹೆಸರು ‘ದ ಸರ್ಚ್ ಫಾರ್ ಸ್ಪಾಕ್’. ಸತ್ತವನನ್ನು ಹುಡುಕುವ ಆ ಚಿತ್ರಕ್ಕೆ ನಿರ್ದೇಶಕ, ಸತ್ತವನ ಪಾತ್ರ ಮಾಡಿದ್ದ ಲಿಯೊನಾರ್ಡ್ ನಿಮೊಯ್.

ಈ ಬಳಗದ ಇನ್ನೊಂದು ಕಾಣಿಕೆ ಸಮಸಂಖ್ಯೆಯ ಸಿದ್ಧಾಂತ. ‘ಸ್ಟಾರ್ ಟ್ರೆಕ್’ ಸಿನಿಮಾಗಳಲ್ಲಿ 2, 4, 6, 8 ಚೆನ್ನಾಗಿರುತ್ತವೆ. 1, 3, 5, 7 ಅಷ್ಟಕ್ಕಷ್ಟೆ. ಐದನೆಯದರಲ್ಲಿ ನೌಕೆಯವರು ದೇವರನ್ನೇ ಹುಡುಕಿಕೊಂಡು ಹೋಗಿ ಬರಿಗೈಲಿ ಬಂದಿದ್ದರಿಂದ ಸಿದ್ಧಾಂತಕ್ಕೆ ಒಳ್ಳೆಯ ಬಲ ಬಂದಿತ್ತು. ಆದರೆ 2002ರಲ್ಲಿ ಬಂದ ಹತ್ತನೇ ಚಿತ್ರ ‘ನೆಮೆಸಿಸ್’ ಮಕಾಡೆ ಮಲಗಿತು. 2009ರ ಹನ್ನೊಂದನೆಯದು ಭರ್ಜರಿಯಾಗಿ ಓಡಿತು. ಬೇರೆಯವರಾಗಿದ್ದರೆ ಸಿದ್ಧಾಂತ ಕೈಬಿಡುತ್ತಿದ್ದರು. ಇವರು ಲೆಕ್ಕದ ಪಟ್ಟಿಯನ್ನೇ ತಿದ್ದಿದರು. 1999ರಲ್ಲಿ ‘ಗ್ಯಾಲಕ್ಸಿ ಕ್ವೆಸ್ಟ್’ ಎಂಬ ಚಿತ್ರ ಬಂದಿತ್ತು. ಅದು ‘ಸ್ಟಾರ್ ಟ್ರೆಕ್’ ಅಲ್ಲ; ‘ಸ್ಟಾರ್ ಟ್ರೆಕ್’ ನಟರನ್ನೂ ಅವರ ಅಭಿಮಾನಿಗಳನ್ನೂ ಗೇಲಿ ಮಾಡುವ ಹಾಸ್ಯಚಿತ್ರ. ಅದನ್ನು ಒಂಬತ್ತರ ನಂತರ ತುರುಕಿ ಹತ್ತನೆಯದೆಂದು ಎಣಿಸಿ: ‘ನೆಮೆಸಿಸ್’ ಹನ್ನೊಂದಾಗಿ ಸೋಲುತ್ತದೆ, 2009ರದು ಹನ್ನೆರಡಾಗಿ ಗೆಲ್ಲುತ್ತದೆ. ಸಿದ್ಧಾಂತಕ್ಕೆ ಕೂದಲೂ ಕೊಂಕುವುದಿಲ್ಲ. 2013ರಲ್ಲಿ ಲಾಸ್ ವೇಗಸ್‌ನ ಸಮಾವೇಶವೊಂದರಲ್ಲಿ ಸೇರಿದ ಅಭಿಮಾನಿಗಳು ‘ಸ್ಟಾರ್ ಟ್ರೆಕ್’ ಚಿತ್ರಗಳಿಗೆ ಶ್ರೇಯಾಂಕ ಕೊಟ್ಟಾಗ ‘ಗ್ಯಾಲಕ್ಸಿ ಕ್ವೆಸ್ಟ್’ಗೆ ಏಳನೇ ಸ್ಥಾನ ಸಿಕ್ಕಿತು. ಆಗಷ್ಟೇ ಬಿಡುಗಡೆಯಾಗಿದ್ದ ಅಸಲಿ ‘ಸ್ಟಾರ್ ಟ್ರೆಕ್’ ಚಿತ್ರ ಕಟ್ಟಕಡೆಗೆ ಹೋಯಿತು. ಹೊಸ ಎಣಿಕೆಯ ಪ್ರಕಾರ ಅದು ಹದಿಮೂರನೆಯದು, ಬೆಸಸಂಖ್ಯೆ.

ಇಷ್ಟೆಲ್ಲ ನಿರೀಕ್ಷೆ ಒಟ್ಟಿಗೆ ಕುದಿದು ಉಕ್ಕಿದ್ದು 1998ರ ನವೆಂಬರ್‌ನಲ್ಲಿ. ಹದಿನಾರು ವರ್ಷದ ನಂತರ ಬರಲಿದ್ದ ‘ಸ್ಟಾರ್ ವಾರ್ಸ್’ ಚಿತ್ರದ ಮೊದಲ ಟ್ರೇಲರನ್ನು ‘ಮೀಟ್ ಜೋ ಬ್ಲ್ಯಾಕ್’ನಂಥ ಸಿನಿಮಾಗಳ ಮುಂದೆ ಹಾಕಿದ್ದರು. ಅದು ಮೃತ್ಯುವೇ ಬ್ರಾಡ್ ಪಿಟ್‌ನ ರೂಪದಲ್ಲಿ ಮನೆಗೆ ಬರುವ ಮೂರು ಗಂಟೆಯ ಚಿತ್ರ. ಜನ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡರು, ಎರಡು ನಿಮಿಷದ ಟ್ರೇಲರ್ ನೋಡಿದರು, ಶಿಳ್ಳೆ ಹೊಡೆದರು, ಎದ್ದು ಹೊರಟರು. ಸಾಕ್ಷಾತ್ ಯಮ ಬಂದರೂ ಕೂರಲಿಲ್ಲ.

ಬಿಡುಗಡೆಯ ದಿನ, 1999ರ ಮೇ 19ರಂದು, ಅಮೆರಿಕದಲ್ಲಿ ಸುಮಾರು 22 ಲಕ್ಷ ನೌಕರರು ಕೆಲಸಕ್ಕೆ ಚಕ್ಕರ್ ಹೊಡೆಯಬಹುದೆಂದು ಒಂದು ಸಲಹಾ ಸಂಸ್ಥೆ ಅಂದಾಜು ಮಾಡಿತ್ತು. ಎಷ್ಟು ಮಂದಿಗೆ ಅವತ್ತು ಹೊಟ್ಟೆನೋವು ಬಂತೋ, ಮೊದಲ ದಿನದ ಗಳಿಕೆ ಮಾತ್ರ 2.85 ಕೋಟಿ ಡಾಲರ್ ಮುಟ್ಟಿ ದಾಖಲೆಯಾಯಿತು. ದೀಪ ಆರಿತು. ಆ ಸುಪ್ರಸಿದ್ಧ ಸಂಗೀತ ಮೊಳಗಿತು. ಹಳದಿ ಅಕ್ಷರಗಳು ಮೇಲಕ್ಕೆ ತೇಲತೊಡಗಿದವು. ಹದಿನಾರು ವರ್ಷ ಉಸಿರು ಹಿಡಿದು ಕಾದವರು ಓದಿದ ಮೊದಲ ಸಮಾಚಾರವೇನೆಂದರೆ, ದೂರದ ನಕ್ಷತ್ರಲೋಕದ ವ್ಯಾಪಾರ ಮಾರ್ಗಗಳ ಮೇಲೆ ಹಾಕಿದ ತೆರಿಗೆಯ ಬಗ್ಗೆ ತಕರಾರು ಎದ್ದಿದೆ.

ಮುಂದಿನದು ಇನ್ನೂ ಕಷ್ಟ. ವಿಶ್ವವನ್ನೆಲ್ಲ ಹಿಡಿದಿಟ್ಟ ಆ ಅಗೋಚರ ಶಕ್ತಿ, ಸಾಧನೆಯಿಂದ ಮಾತ್ರ ಒಲಿಯುವಂಥದ್ದು ಎಂದು ಇಪ್ಪತ್ತೆರಡು ವರ್ಷದಿಂದ ನಂಬಿಕೊಂಡು ಬಂದವರ ಎದುರು, ಹುಡುಗನೊಬ್ಬನ ಗಾಯದಿಂದ ರಕ್ತದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂತು: ಆ ಶಕ್ತಿಯನ್ನು ಒಲಿಸುವ ಸೂಕ್ಷ್ಮಜೀವಿಗಳ ಎಣಿಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು! ಜೊತೆಗೆ ಉದ್ದಕಿವಿಯ ಜಾರ್ ಜಾರ್ ಬಿಂಕ್ಸ್ ಹೆಜ್ಜೆಗೊಮ್ಮೆ ಎಡವುತ್ತ ಬೀಳುತ್ತ ಇದ್ದ. ಆದರೂ ಅಭಿಮಾನಿ ಅಷ್ಟು ಬೇಗ ಕೈಚೆಲ್ಲುವವನಲ್ಲ. ಎರಡನೇ ಸಲ ನೋಡಿದರೆ ಸರಿಹೋದೀತು ಎಂದು ಎರಡನೇ ಟಿಕೆಟ್ ತೆಗೆದ. ಎರಡನೇ ಸಲವೂ ಸರಿಹೋಗದಿದ್ದಾಗ, ಕತ್ತರಿ ಹಿಡಿದ. ಸ್ವಲ್ಪ ಕಾಲದಲ್ಲೇ ‘ದ ಫ್ಯಾಂಟಮ್ ಎಡಿಟ್’ ಎಂಬ ಕಳ್ಳಪ್ರತಿ ಕೈಯಿಂದ ಕೈಗೆ ದಾಟತೊಡಗಿತು. ಅಭಿಮಾನಿಯೊಬ್ಬ ಜಾರ್ ಜಾರ್‌ನ ಬಾಯಿಯನ್ನು ಆದಷ್ಟು ಮುಚ್ಚಿಸಿ, ಸಿನಿಮಾವನ್ನು ಇಪ್ಪತ್ತು ನಿಮಿಷದಷ್ಟು ಮೊಟಕುಗೊಳಿಸಿದ್ದ.

ಅಭಿಮಾನಿಗೆ ಬೇಕಾದದ್ದು ಹೊಸದೋ ಹಳೆಯದೋ ಎಂಬುದನ್ನು ಪತ್ತೆ ಹಚ್ಚಲು ಹೊರಟವರೂ ಸುಸ್ತಾಗಿದ್ದಾರೆ. 2015ರಲ್ಲಿ ಬಂದ ‘ದ ಫೋರ್ಸ್ ಅವೇಕನ್ಸ್’ನಲ್ಲಿ ಮರಳುಗಾಡಿನ ಗ್ರಹ, ಹೆತ್ತವರಿಲ್ಲದ ನಾಯಕಿ, ಗುಟ್ಟು ಹೊತ್ತ ಪುಟ್ಟ ರೋಬೋಟ್, ಗ್ರಹದಷ್ಟು ದೊಡ್ಡ ಫಿರಂಗಿ, ಆ ಫಿರಂಗಿಗೊಂದು ಮರ್ಮಸ್ಥಾನ, ಎಲ್ಲವೂ ಇದ್ದವು. ಇದು 1977ರ ಮೊದಲ ಚಿತ್ರವನ್ನೇ ಬಟ್ಟಿ ಇಳಿಸಿದ್ದಲ್ಲವೇ ಎಂದು ಅಭಿಮಾನಿಗಳು ಮೂಗು ಮುರಿದರು. ಕೊನೆಯ ದೃಶ್ಯದಲ್ಲಿ ನಾಯಕಿ, ದ್ವೀಪವೊಂದರಲ್ಲಿ ಅಡಗಿದ್ದ ಮುದಿ ಲ್ಯೂಕ್‌ನಿಗೆ ಅವನ ಹಳೆಯ ಬೆಳಕಿನ ಖಡ್ಗವನ್ನು ಚಾಚುತ್ತಾಳೆ. ಚಿತ್ರ ಮುಗಿಯುತ್ತದೆ. ಲ್ಯೂಕ್ ಏನನ್ನುತ್ತಾನೆ? ಎರಡು ವರ್ಷ ಮತ್ತೆ ಅದೇ ಪಂಚಾಯಿತಿ.

2017ರ ‘ದ ಲಾಸ್ಟ್ ಜೆಡೈ’ನಲ್ಲಿ ಲ್ಯೂಕ್ ಆ ಖಡ್ಗವನ್ನು ಕೈಗೆ ತೆಗೆದುಕೊಂಡು, ಒಂದು ಗಳಿಗೆ ನೋಡಿ, ಹೆಗಲ ಮೇಲಿಂದ ಹಿಂದಕ್ಕೆ ಬಿಸಾಡಿ ನಡೆದ. ಇದಂತೂ ಹೊಸದು, ಯಾರೂ ಊಹಿಸಿರಲಿಲ್ಲ. ಅದೇ ಅಪರಾಧವಾಯಿತು. ಈ ಚಿತ್ರವನ್ನು ಅಧಿಕೃತ ಕಥೆಯಿಂದಲೇ ಕಿತ್ತುಹಾಕಬೇಕೆಂಬ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಾಯಕಿ ಯಾರ ಮಗಳೆಂಬ ಪ್ರಶ್ನೆಗೆ ಆ ಚಿತ್ರ ಕೊಟ್ಟ ಉತ್ತರ, ಯಾರೋ ಹೇಳಹೆಸರಿಲ್ಲದವರ ಮಗಳು ಎಂದು. ಅದೂ ರುಚಿಸಲಿಲ್ಲ. 2019ರಲ್ಲಿ ಅವಳನ್ನು ಹಳೆಯ ಖಳ ಪಾಲ್ಪಟೀನನ ಮೊಮ್ಮಗಳು ಮಾಡಿದರು. ಅದಂತೂ ಸುತರಾಂ ರುಚಿಸಲಿಲ್ಲ.

ಈ ಜನರ ಮರ್ಮ ಅರಿತ ಒಂದೇ ಚಿತ್ರವೆಂದರೆ ಬಹುಶಃ ‘ಬ್ಲೇಡ್ ರನ್ನರ್ 2049’. 1982ರ ಮೂಲ ಚಿತ್ರದ ನಾಯಕ ಡೆಕಾರ್ಡ್ ಮನುಷ್ಯನೋ, ಕೃತಕ ಮನುಷ್ಯನೋ ಎಂಬುದು ಮೂವತ್ತೈದು ವರ್ಷದ ವ್ಯಾಜ್ಯ. ನಿರ್ದೇಶಕ ರಿಡ್ಲಿ ಸ್ಕಾಟ್ ಕೃತಕ ಎನ್ನುತ್ತಾ ಬಂದರು. ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಮನುಷ್ಯನೆಂದೇ ಪಟ್ಟು ಹಿಡಿದರು. 2017ರ ಮುಂದಿನ ಭಾಗದಲ್ಲಿ ಉತ್ತರ ಸಿಗುತ್ತದೆಂದು ಎಲ್ಲರೂ ಕಾದರು. ನಿರ್ದೇಶಕ ಡೆನಿ ವಿಲ್ನವ್ ಎರಡೂ ಪಕ್ಷಕ್ಕೆ ಅಷ್ಟಷ್ಟು ಸಾಕ್ಷಿ ಹಂಚಿ ಜಾಣತನದಿಂದ ಜಾರಿಕೊಂಡರು. ವ್ಯಾಜ್ಯ ಇಂದಿಗೂ ಸೊಂಪಾಗಿ ನಡೆದಿದೆ.

ಸದ್ಯದ ಜಾತ್ರೆಯೂ ಅದೇ ವಿಲ್ನವ್ ಅವರದು: 2026ರ ಡಿಸೆಂಬರ್ 18ಕ್ಕೆ ಗೊತ್ತುಮಾಡಿರುವ ‘ಡ್ಯೂನ್’ ಮೂರನೇ ಭಾಗ. ಇಲ್ಲಿ ಗುಟ್ಟೆಂಬುದೇ ಇರಬಾರದಿತ್ತು. ಕಥೆಗೆ ಆಧಾರವಾದ ಫ್ರಾಂಕ್ ಹರ್ಬರ್ಟ್‌ನ ‘ಡ್ಯೂನ್ ಮೆಸ್ಸಾಯ’ ಅಚ್ಚಾಗಿದ್ದು 1969ರಲ್ಲಿ. ಆದರೂ ಪುಸ್ತಕ ಓದಿದವನು ಬಾಯಿ ಬಿಟ್ಟರೆ ಉಳಿದವರು ಮೈಮೇಲೆ ಬೀಳುತ್ತಾರೆ; ಅರ್ಧ ಶತಮಾನ ದಾಟಿದ ಕಥೆಯ ಅಂತ್ಯ ಹೇಳುವುದೂ ದ್ರೋಹವಂತೆ. ಓದಿದವರ ಪಾಡಾದರೂ ನೆಮ್ಮದಿಯದೇನಲ್ಲ. 2024ರ ಎರಡನೇ ಭಾಗದ ಕೊನೆಗೆ ನಾಯಕಿ ಚಾನಿ ಮುನಿಸಿಕೊಂಡು ಮರಳುಹುಳದ ಬೆನ್ನೇರಿ ಹೊರಟುಬಿಟ್ಟಳು. ಪುಸ್ತಕದ ಚಾನಿ ಎಲ್ಲಿಗೂ ಹೋಗುವುದಿಲ್ಲ. ಹೋದವಳನ್ನು ಹೇಗೆ ಕರೆತರುತ್ತಾರೆ, ಯಾರು ಹೋಗಿ ಕರೆಯುತ್ತಾರೆ, ಕರೆದರೂ ಅವಳು ಯಾಕೆ ಬರಬೇಕು ಎಂದು ಓದಿದವರೂ ಓದದವರೂ ಪಟ್ಟಾಗಿ ಕೂತು ಬೀಗರ ಪಂಚಾಯಿತಿ ನಡೆಸಿದ್ದಾರೆ.

ಇದೇ ತಮ್ಮ ಕೊನೆಯ ‘ಡ್ಯೂನ್’ ಎಂದು ವಿಲ್ನವ್ ಹೇಳಿಯಾಗಿದೆ. ಅದನ್ನು ಯಾರು ಕಿವಿಗೆ ಹಾಕಿಕೊಂಡಿದ್ದಾರೆ? ಸರಣಿಯ ನಾಲ್ಕನೇ ಪುಸ್ತಕದ ನಾಯಕ ಮೂರೂವರೆ ಸಾವಿರ ವರ್ಷ ಬದುಕಿ, ಮುಖ, ಕೈಗಳು ಮಾತ್ರ ಮನುಷ್ಯನವಾಗಿ, ಉಳಿದ ಮೈಯೆಲ್ಲ ಮರಳುಹುಳವಾಗಿರುತ್ತಾನೆ. ಆ ಪಾತ್ರಕ್ಕೆ ಯಾವ ನಟ ಸರಿಹೊಂದುತ್ತಾನೆಂಬ ಬಗ್ಗೆ ಅಭಿಮಾನಿಗಳಲ್ಲಿ ಈಗಾಗಲೇ ಎರಡು ಪಕ್ಷಗಳಾಗಿ, ಮಾತು ಬಿಡುವ ಹಂತಕ್ಕೆ ಬಂದಿದೆ.