ರೂಟರ್ ಪ್ರತಿಷ್ಠಾಪನಾ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಲಕ್ಷಣದಿಂದಲೇ ಶುರುವಾಗಬೇಕು. ಬ್ರಾಡ್‌ಬ್ಯಾಂಡಿಗೆ ಭಾರತ ಸರ್ಕಾರ ಈವರೆಗೆ ಮೂರು ಲಕ್ಷಣ ಹೇಳಿದೆ: 2004ರಲ್ಲಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್, 2013ರಲ್ಲಿ 512, 2023ರಲ್ಲಿ 2 ಮೆಗಾಬಿಟ್. ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ಹೆದ್ದಾರಿಯ ಗಾದಿಗನೂರಿನಲ್ಲಿ ನಾಲ್ಕನೆಯದೊಂದು ಚಾಲ್ತಿಯಲ್ಲಿದೆ. ಅಡುಗೆಮನೆಯಲ್ಲಿ ಧಾರಾವಾಹಿ ನಿಲ್ಲದೆ ಓಡಿದರೆ ಅದು ಬ್ರಾಡ್‌ಬ್ಯಾಂಡ್, ನಿಂತರೆ ಅಲ್ಲ. ಅತಿವ್ಯಾಪ್ತಿ, ಅವ್ಯಾಪ್ತಿ ದೋಷಗಳೆರಡೂ ಇಲ್ಲದ ಲಕ್ಷಣ ಇದೊಂದೇ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಇನ್ನು ಸ್ಥಾನನಿರ್ಣಯ. ವೈರು ಎಲ್ಲಿ ಮುಗಿಯುತ್ತದೋ ಅಲ್ಲೇ ರೂಟರ್ ಎಂಬುದು ಲೈನ್‌ಮನ್ ಪಂಥದ ನಿಲುವು. ಟಿವಿ ಮೇಲಿನ ಷೋಕೇಸಿನಲ್ಲಿ, ಮದುವೆ ಫೋಟೋದ ಪಕ್ಕ ಇಟ್ಟರೆ ಬಂದವರಿಗೆಲ್ಲ ಕಾಣುತ್ತದೆ ಎಂಬುದು ಯಜಮಾನ ಪಂಥದ್ದು. ಮಕ್ಕಳ ಕೈಗೆ ಸಿಗದಿರಲೆಂದು ಕಬ್ಬಿಣದ ಬೀರುವಿನ ನೆತ್ತಿಗೇರಿಸುವುದು ಅಜ್ಜಿ ಪಂಥ. ಮೂರೂ ಕಡೆ ಒಳಕೋಣೆಗೆ ಸಿಗ್ನಲ್ ಬರುವುದಿಲ್ಲ. ಬರದಿರಲು ಕಾರಣ ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಧೂಳು, ಅದು ಅಲೆಗಳನ್ನು ಅಯಸ್ಕಾಂತದಂತೆ ಎಳೆದುಕೊಳ್ಳುತ್ತದೆ ಎಂಬ ‘ಕೆಂಧೂಳುವಾದ’ವೂ ಒಂದಿದೆ. ಹಾಗಿದ್ದರೆ ಅದೇ ಧೂಳಿನಲ್ಲಿ ಮೊಬೈಲ್ ಹೇಗೆ ರಿಂಗಾಗುತ್ತದೆ ಎಂದು ಕೇಳಿದರೆ ವಾದಿ ಚಹಾ ಹೇಳುತ್ತಾನೆ.

ಸಿದ್ಧಾಂತ ಇಷ್ಟು. ಕಬ್ಬಿಣ ತೊಂದರೆ ಕೊಡುವುದು ನಿಜ, ಆದರೆ ಅದು ಇರುವುದು ಧೂಳಿನಲ್ಲಲ್ಲ, ಬೀರುವಿನಲ್ಲಿ ಮತ್ತು ಆರ್‌ಸಿಸಿಯೊಳಗಿನ ಸರಳಿನಲ್ಲಿ. ನೀರು ತುಂಬಿದ ಡ್ರಮ್ಮೂ ಅಲೆಯನ್ನು ಹೀರುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕೂ ಕಡಿಮೆ. ಎರಡನೆಯದು ವೇಗಿ, ಆದರೆ ಗೋಡೆ ಕಂಡರೆ ಸೋಲುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಒಂದರೊಳಗೊಂದು ಏಳು ಕೋಟೆಗಳನ್ನು ವರ್ಣಿಸಿದ್ದಾನೆ. 5 ಗಿಗಾಹರ್ಟ್ಸ್ ಅಲೆ ಅವುಗಳಲ್ಲಿ ಮೊದಲನೆಯದರ ಆಚೆಗೇ ಬಿಡಾರ ಹೂಡುತ್ತಿತ್ತು. ದಪ್ಪ ಕಲ್ಲುಗೋಡೆಯ ಹಳೆಯ ಮಾಳಿಗೆ ಮನೆಯಲ್ಲೂ ಅದರ ಗತಿ ಅದೇ. ಪಡಸಾಲೆಗೆ 5, ಒಳಮನೆಗೆ 2.4 ಎಂದು ಹಂಚಿಕೊಂಡು, ರೂಟರನ್ನು ಮನೆಯ ನಡುವೆ ಆಳೆತ್ತರದಲ್ಲಿ ತೂಗುಹಾಕುವುದೇ ಕ್ರಮ. ಕೊಂಬು ಎಷ್ಟಿವೆ ಎಂದು ಎಣಿಸುವುದು ಎತ್ತಿನ ಸಂತೆಗೆ ಸೇರಿದ ವಿಷಯ.

ಮಂತ್ರೋಪದೇಶದಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಈಗಿನ ವೈಫೈ ಪಾಸ್‌ವರ್ಡಿಗೆ ಕನಿಷ್ಠ ಎಂಟು ಅಕ್ಷರ ಬೇಕು. ಆದ್ದರಿಂದ ಪಂಚಾಕ್ಷರಿಗೂ ಷಡಕ್ಷರಿಗೂ ಇಲ್ಲಿ ಪ್ರವೇಶವಿಲ್ಲ, ಅಷ್ಟಾಕ್ಷರಿ ಮಾತ್ರ ನಡೆಯುತ್ತದೆ. ಇದರಲ್ಲಿ ಮತೀಯ ಪಕ್ಷಪಾತವೇನೂ ಇಲ್ಲ. ಒಂದರಿಂದ ಎಂಟರವರೆಗೆ ಎಣಿಸುವ ಸರ್ವಧರ್ಮ ಸಮನ್ವಯದ ಮಂತ್ರವೂ ಬಳಕೆಯಲ್ಲಿದ್ದು, ಅದು ಇಡೀ ಓಣಿಗೆ ಬಾಯಿಪಾಠವಾಗಿದೆ.

ಮೌಲ್ಯಮಾಪನ ಈ ಶಾಸ್ತ್ರದ ಹೃದಯ. ಇದಕ್ಕೆ ನಾಲ್ಕು ಪ್ರಮಾಣಗಳಿವೆ. ಸ್ಪೀಡ್ ಟೆಸ್ಟ್ ಪ್ರತ್ಯಕ್ಷ. ತೆರೆಯ ಮೇಲೆ ಚಕ್ರ ಗಿರಗಿರ ಸುತ್ತಿದರೆ ನೆಟ್ ಇಲ್ಲವೆಂದು ತಿಳಿಯುವುದು ಅನುಮಾನ. ‘ಎದುರು ಮನೆಯೋರಿಗೆ ಬರ್ತೈತಿ, ನಮಗ್ಯಾಕ ಬರವಲ್ದು’ ಎಂಬುದು ಉಪಮಾನ. ‘ನಮ್ ಕಡಿಯಿಂದ ಲೈನ್ ಕ್ಲಿಯರ್ ಐತ್ರಿ’ ಎಂಬ ಲೈನ್‌ಮನ್ ನುಡಿಯೇ ಆಪ್ತವಾಕ್ಯ, ಇದಕ್ಕೆ ಎದುರಾಡುವಂತಿಲ್ಲ. ಪ್ರತ್ಯಕ್ಷದಲ್ಲೂ ಭ್ರಮೆ ಉಂಟು. 100 ಮೆಗಾಬಿಟ್ ಪ್ಲಾನಿನಲ್ಲಿ ಸಿನಿಮಾ ಸೆಕೆಂಡಿಗೆ 12.5 ಮೆಗಾಬೈಟಿನಂತೆ ಇಳಿದರೆ ಮೋಸವಾಯಿತೆಂದು ಕೂಗಬಾರದು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಲೆಕ್ಕ ಸರಿಯಾಗಿಯೇ ಇದೆ. ಮೊದಲು ಲ್ಯಾನ್ ಕೇಬಲ್ ಸಿಕ್ಕಿಸಿ ಅಳೆಯಬೇಕು, ಆಮೇಲೆ ಗಾಳಿಯಲ್ಲಿ. ಕೇಬಲಿನಲ್ಲಿ ಬಂದ ವೇಗ ಗಾಳಿಯಲ್ಲಿ ಬರದಿದ್ದರೆ ದೋಷ ಕಂಪನಿಯದಲ್ಲ, ಬೀರುವಿನದು.

ರಾತ್ರಿ ಎಂಟರ ಮೇಲೆ ವೇಗ ಕುಸಿದಾಗ ‘ಕಾಲುವೆವಾದ’ ತಲೆ ಎತ್ತುತ್ತದೆ. ತುಂಗಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದ ಅನುಭವದಿಂದ ಹುಟ್ಟಿದ ವಾದವಿದು: ಮೊದಲ ಕಂಬದ ಮನೆಯವರೇ ನೆಟ್ ಎಳೆದುಕೊಳ್ಳುತ್ತಾರಂತೆ. ಈ ವಾದಕ್ಕೆ ಬೇರು ಗಟ್ಟಿ, ಆದರೂ ಇಲ್ಲಿ ಸಲ್ಲದು. ಜಿಪಾನ್ ಎಂಬ ಫೈಬರ್ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಇಳಿಯುತ್ತದೆ. ಸಾಮಾನ್ಯವಾಗಿ 32 ಅಥವಾ 64 ಮನೆಗಳು ಅದನ್ನು ಹಂಚಿಕೊಳ್ಳುತ್ತವೆ. ಬೆಳಕನ್ನು ಒಡೆಯುವ ಸ್ಪ್ಲಿಟರಿಗೆ ಕರೆಂಟೂ ಬೇಡ, ಮುಲಾಜೂ ಇಲ್ಲ. ಮೇಲೆ ಕಳಿಸುವ ಸರದಿಯನ್ನು ಎಕ್ಸ್‌ಚೇಂಜಿನ ಯಂತ್ರ ಹಂಚುತ್ತದೆ. ನೆರೆಮನೆಯವರು ರಾತ್ರೋರಾತ್ರಿ ತೂಬು ಎತ್ತುವ ಪ್ರಶ್ನೆಯೇ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತರೆ ಎಲ್ಲರಿಗೂ ಕಡಿಮೆ, ಅಷ್ಟೇ.

ಎಲ್‌ಒಎಸ್ ಎಂಬ ಕಡೆ ಕೆಂಪು ದೀಪ ಮಿನುಗಿದರೆ ಮನೆಗೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಎಲ್ಲೋ ಜೆಸಿಬಿ ತನ್ನ ಕೆಲಸ ಮಾಡಿರುತ್ತದೆ, ಇಲ್ಲವೇ ಬಾಗಿಲ ಸಂದಿಯಲ್ಲಿ ತೆಳು ವೈರು ಮುರಿದಿರುತ್ತದೆ. ಆಗ ಪಾಸ್‌ವರ್ಡ್ ಬದಲಿಸುವುದು, ರೂಟರಿಗೆ ನಿಂಬೆಹಣ್ಣು ಕಟ್ಟುವುದು ಎರಡೂ ಸಮಾನ ಫಲದಾಯಕ.

ಕೊನೆಯದಾಗಿ ಗ್ರೀಷ್ಮಪ್ರಕರಣ. ಮನೆ ರೂಟರುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 0ರಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್, ಮೇ ತಿಂಗಳುಗಳು ಕೈಪಿಡಿ ಓದಿಲ್ಲ, ಪಾದರಸ 40 ದಾಟುತ್ತದೆ. ರೂಟರಿನ ಸುತ್ತ ಗಾಳಿಯಾಡಲು ಜಾಗ ಬಿಡಿ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ, ಕಸೂತಿ ಹೊದಿಕೆಯನ್ನು ಮಿಕ್ಸಿಗೆ ಬಿಟ್ಟುಕೊಡಿ. ತಣ್ಣಗಾಗಲೆಂದು ಒದ್ದೆ ಬಟ್ಟೆ ಹೊದಿಸುವ ಪದ್ಧತಿಯನ್ನು ಮಾತ್ರ ಈ ಪ್ರಬಂಧ ಯಾವ ಪಂಥದ ಮೇಲಿನ ಗೌರವಕ್ಕೂ ಒಪ್ಪುವುದಿಲ್ಲ.