ವಯಸ್ಸಾದವರಿಗೆ ಏನ್ ಮಹಾ ಬೇಕು?

ಅಕ್ಟೋಬರ್ 1 ಬಂತೆಂದರೆ ನಾಡಿನ ತುಂಬ ಶಾಲು ಹೊದಿಸುವ ಸುಗ್ಗಿ. ವಿಶ್ವಸಂಸ್ಥೆ 1990ರಲ್ಲಿ ಹಿರಿಯರಿಗೆಂದು ಗೊತ್ತುಮಾಡಿದ ದಿನ ಅದು. ಊರಿನ ನಾಲ್ಕು ಹಿರಿ ತಲೆಗಳನ್ನು ಹುಡುಕಿ ತಂದು ವೇದಿಕೆಯ ಮೇಲೆ ಕೂಡ್ರಿಸಿ, ಕೊರಳಿಗೆ ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿಕೊಂಡ ಮೇಲೆ ಭಾಷಣ ಶುರು: 'ಇಳಿವಯಸ್ಸಿನಲ್ಲಿ ಪೌಷ್ಟಿಕ ಆಹಾರ'. ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಸಕ್ಕರೆ ಕಡಿಮೆ ಮಾಡಿ, ಅನ್ನ ಕಡಿಮೆ ಮಾಡಿ. ಬೆಳಿಗ್ಗೆ ಎದ್ದು ನೆನೆಸಿದ ಬಾದಾಮಿ ತಿನ್ನಿ, ಮಧ್ಯಾಹ್ನ ಬಣ್ಣಬಣ್ಣದ ತರಕಾರಿ ಹಸಿಯಾಗಿ ತಿನ್ನಿ, ರಾತ್ರಿ ಓಟ್ಸ್ ಗಂಜಿ ಕುಡಿದು ಮಲಗಿ.

ಇದೇ ಭಾಷಣವನ್ನು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಕ್ಕೇರಾಕ್ಕೆ ತಂದು ಮಾಡಿ ನೋಡಿ. ಮುಂದಿನ ಸಾಲಿನಲ್ಲಿ ಕುಳಿತ ಮುದುಕಿ ಸೆರಗು ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳುತ್ತಾಳೆ: "ಯಪ್ಪಾ, ಇದ್ದದ್ದೇ ಕಡಿಮಿ. ಅದರಾಗ ಮತ್ತೇನ್ ಕಡಿಮಿ ಮಾಡ್ಲಿ?"

ಭಾಷಣಕಾರರ ಬಳಿ ಇದಕ್ಕೆ ಉತ್ತರ ಇಲ್ಲ. ಅವರು ತಂದ ಚಾರ್ಟು ಉಂಡು ಹೆಚ್ಚಾದವರಿಗೆ ಬರೆದದ್ದು.

ಈ ಸೀಮೆಯಲ್ಲಿ ಹೊಲದ ಬದು, ಕಾಲುವೆ ನೀರು, ಜಾತ್ರೆಯ ಲೆಕ್ಕ, ಯಾವುದರ ಬಗ್ಗೆಯೂ ಇಬ್ಬರು ಒಂದೇ ಮಾತಾಡುವುದಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಮ್ಮತ. "ವಯಸ್ಸಾದವರಿಗೆ ಏನ್ ಮಹಾ ಬೇಕು? ಒಂದ್ ತುತ್ತು ಅನ್ನ, ಒಂದ್ ಗುಟುಕು ಚಾ." ಮಗ ಇದನ್ನು ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ನೆರೆಮನೆಯವರು ಹೌದೆನ್ನುತ್ತಾರೆ, ಸರ್ಕಾರ ಆದೇಶ ಹೊರಡಿಸಿದಷ್ಟು ಖಚಿತವಾಗಿ ನಂಬುತ್ತದೆ. ಕಡೆಗೆ ಮುದುಕಿಯೂ ಅದನ್ನೇ ಹೇಳಿ ತನ್ನ ತಾಟಿನ ಬೇಳೆಯನ್ನು ಮೊಮ್ಮಗನ ತಾಟಿಗೆ ಬಗ್ಗಿಸುತ್ತಾಳೆ. ದುಡಿಯುವ ಕೈಗೆ ಮೊದಲು, ಬೆಳೆಯುವ ಮಗುವಿಗೆ ಆಮೇಲೆ, ತಳ ಉಳಿದರೆ ತನಗೆ.

ಈ ಒಮ್ಮತಕ್ಕೆ ಭಂಗ ತಂದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. 2024ರಲ್ಲಿ ಅವರು ಭಾರತೀಯರ ಊಟಕ್ಕೆಂದು 17 ಸೂತ್ರ ಹೊರಡಿಸಿದರು. ಅದರಲ್ಲಿ ಒಂದು ಹಿರಿಯರಿಗೇ ಮೀಸಲು. ವಯಸ್ಸಾದಂತೆ ಓಡಾಟ ತಗ್ಗುತ್ತದೆ, ಆದ್ದರಿಂದ ಒಟ್ಟು ಉಣ್ಣುವ ಪ್ರಮಾಣ ಸ್ವಲ್ಪ ತಗ್ಗಬಹುದು, ನಿಜ. ಆದರೆ ಪ್ರೋಟೀನು, ಸುಣ್ಣದಂಶ, ಕಬ್ಬಿಣ, ಜೀವಸತ್ವ ತಗ್ಗುವಂತಿಲ್ಲ. ತುತ್ತು ಚಿಕ್ಕದಾದಷ್ಟೂ ಅದರಲ್ಲಿ ಸತ್ವ ಹೆಚ್ಚಿರಬೇಕು. ಇಲ್ಲದಿದ್ದರೆ ಮೈಯ ಮಾಂಸಖಂಡ ಕರಗುತ್ತದೆ, ಕಾಲು ಸೋಲುತ್ತದೆ, ಬಚ್ಚಲಲ್ಲಿ ಜಾರಿ ಬಿದ್ದವರು ಮತ್ತೆ ಏಳುವುದಿಲ್ಲ. ನಾವು ಈ ಮಾತಿನ ಮೊದಲರ್ಧ ಕೇಳಿ, ಚಪ್ಪಾಳೆ ತಟ್ಟಿ, ಎದ್ದು ಮನೆಗೆ ಹೋದವರು.

ಲೆಕ್ಕವನ್ನೇ ಹಾಕೋಣ. ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಅದೇ ಸಂಸ್ಥೆಯ ಪುಸ್ತಕ ಹೇಳುತ್ತದೆ. 50 ಕೆ.ಜಿ. ತೂಗುವ ಮುದುಕಿಗೆ 41 ಗ್ರಾಂ ಮೇಲೆ. ಅನ್ನಭಾಗ್ಯದ ಅಕ್ಕಿ ತಿಂಗಳಿಗೆ ತಲೆಗೆ 10 ಕೆ.ಜಿ. ಎಂದೇ ಹಿಡಿಯಿರಿ. ದಿನಕ್ಕೆ 333 ಗ್ರಾಂ ಆಯಿತು. ಬೇಯಿಸಿದರೆ ಹತ್ತಿರಹತ್ತಿರ ಒಂದು ಕೆ.ಜಿ. ಅನ್ನ. ಅಷ್ಟನ್ನೂ ಆಕೆ ಒಂದಗಳು ಬಿಡದೆ ಉಂಡರೆ ಸುಮಾರು 26 ಗ್ರಾಂ ಪ್ರೋಟೀನು ಸಿಕ್ಕೀತು. ಉಳಿದ 15 ಗ್ರಾಂಗೆ ದಿನಕ್ಕೆ 70 ಗ್ರಾಂ ತೊಗರಿಬೇಳೆ, ಅಂದರೆ ತಿಂಗಳಿಗೆ 2 ಕೆ.ಜಿ. ಇಡೀ ಮನೆಗೇ ತಿಂಗಳಿಗೆ 2 ಕೆ.ಜಿ. ಬೇಳೆ ಬಂದರೆ ಹಬ್ಬ ಎನ್ನುವ ಊರಲ್ಲಿ ಮುದುಕಿಯೊಬ್ಬಳಿಗೇ ಅಷ್ಟು ತೆಗೆದಿಡಿ ಎಂದರೆ ಮನೆಯವರು ಆಸ್ಪತ್ರೆಗೆ ತೋರಿಸಲು ಒಯ್ಯುವುದು ನಿಮ್ಮನ್ನು.

ಇನ್ನು ಶುಗರ್ ಇದ್ದರಂತೂ ಕಥೆಯೇ ಬೇರೆ. "ಡಾಕ್ಟರ್ ಅನ್ನ ಬಿಡು ಅಂತಾರ, ರೇಷನ್ ಅಂಗಡ್ಯಾಗ ಅಕ್ಕೀನೇ ಕೊಡ್ತಾರ. ನಾ ಯಾರ ಮಾತ್ ಕೇಳ್ಲಿ?" ಇಬ್ಬರಿಗೂ ದುಡ್ಡು ಬರುವುದು ಒಂದೇ ಬೊಕ್ಕಸದಿಂದ. ಒಂದು ಇಲಾಖೆ ತುಂಬಿಸುತ್ತದೆ, ಇನ್ನೊಂದು ಇಲಾಖೆ ಕಸಿಯುತ್ತದೆ. ನಡುವೆ ಮುದುಕಿಯ ಹೊಟ್ಟೆ ಕಡತದ ಹಾಗೆ ಓಡಾಡುತ್ತದೆ.

ಸರ್ಕಾರ ಹಣ ಕೊಟ್ಟಿಲ್ಲವೇ ಎಂದು ಕೇಳಬಹುದು. ಕೊಟ್ಟಿದೆ. 65 ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1200 ರೂಪಾಯಿ. ದಿನಕ್ಕೆ 40. ಅದರಲ್ಲಿ ಬಿ.ಪಿ. ಗುಳಿಗೆ, ಮೊಣಕಾಲಿನ ಮುಲಾಮು, ಮೊಮ್ಮಗಳ ಕೈಗಿಡುವ ಚಿಲ್ಲರೆ, ಎಲೆಅಡಿಕೆ. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನದ ಪಾಲು ಇನ್ನೂ ಸೊಗಸು. 80 ತುಂಬದವರಿಗೆ 2007ರಲ್ಲಿ 200 ರೂಪಾಯಿ, ಇವತ್ತಿಗೂ 200 ರೂಪಾಯಿ. ಎಣ್ಣೆ ಏರಿತು, ಬೇಳೆ ಏರಿತು, ಇದು ಮಾತ್ರ ಒಂದು ಗುಂಜಿಯೂ ಮೇಲೇಳಲಿಲ್ಲ. ದೇಶದಲ್ಲಿ ಪಥ್ಯವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಇದೊಂದೇ.

ತಮಾಷೆಯೆಂದರೆ ಪೌಷ್ಟಿಕ ಆಹಾರವೆಲ್ಲ ಇವರ ಹೊಲದ್ದೇ. ಹಳೆಯ ಕಲಬುರಗಿ ಸೀಮೆಯ ತೊಗರಿಗೆ ಎಂಥ ಹೆಸರೆಂದರೆ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೇ ಬಿತ್ತು. ತೊಗರಿ ಮಿಲ್ಲಿಗೆ ಹೋಗಿ, ಪಾಲಿಶ್ ಹೊಡೆಸಿಕೊಂಡು, ಪ್ಯಾಕೆಟ್ಟಿನಲ್ಲಿ ಕೂತು ಬೆಂಗಳೂರು ಸೇರಿತು. ಬಿತ್ತಿದವರ ಮನೆಯ ಸಾರಿನಲ್ಲಿ ಬೇಳೆ ಹುಡುಕಲು ಚಾಳೀಸು ಬೇಕು. ಜೋಳದ ಕಥೆಯೂ ಅದೇ. ನಾರಾಯಣಪುರದ ಎಡದಂಡೆ ಕಾಲುವೆ ಬಂದಮೇಲೆ ನೀರು ಹಾಯ್ದಲ್ಲೆಲ್ಲ ಭತ್ತ ಹಬ್ಬಿತು, ಜೋಳ ಹಿಂದೆ ಸರಿಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಾಗ ರಾಜಧಾನಿಯ ಜನ ಜೋಳವನ್ನು ಹೊಸದಾಗಿ ಕಂಡುಹಿಡಿದರು. ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಮುದುಕಿಗೆ ಅದರ ಲಾಭ ತಿಳಿಸಿಕೊಡಲು ಬಣ್ಣದ ಕರಪತ್ರವೂ ಬಂತು.

ಆದರೆ ಈಗ ರೊಟ್ಟಿ ಬಂದರೂ ಹಲ್ಲಿಲ್ಲ. ಹಲ್ಲಿಲ್ಲದ ಬಾಯಿಗೆ ಈ ಸೀಮೆ ಯಾವತ್ತೋ ದಾರಿ ಕಂಡುಕೊಂಡಿತ್ತು. ಅದಕ್ಕೆ ಮುಟಗಿ ಎನ್ನುತ್ತಾರೆ. ಹಂಚಿನ ಮೇಲಿಂದ ಆಗಷ್ಟೇ ಇಳಿದ ದಪ್ಪ ರೊಟ್ಟಿ, ಕೈ ಸುಡುವಾಗಲೇ ಮುರಿದು ಒಳ್ಳಿಗೆ ಹಾಕಬೇಕು. ಬಳ್ಳೊಳ್ಳಿ, ಜೀರಿಗಿ, ಉಪ್ಪು, ಚೂರು ಖಾರ ಹಾಕಿ ಮೆತ್ತಗಾಗುವ ತನಕ ಕುಟ್ಟಬೇಕು. ಮೇಲೆ ತುಪ್ಪವೋ ಎಣ್ಣೆಯೋ ಬಿಟ್ಟು ಮುಷ್ಟಿಯಲ್ಲಿ ಒತ್ತಿದರೆ ಐದು ಬೆರಳಿನ ಗುರುತು ಮೂಡಿದ ಮುಟಗಿ ಸಿದ್ಧ. ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಗ್ಲಾಸು ಮಜ್ಜಿಗೆ ಜೊತೆಗಿದ್ದರೆ ಯಾವ ಡಯಟೀಶಿಯನ್ನೂ ತಪ್ಪು ಹುಡುಕಲಾರರು. ಪ್ರಶ್ನೆ ಒಂದೇ, ಕುಟ್ಟುವವರು ಯಾರು? ಮಗ ಸೊಸೆ ಗುಳೆ ಹೋಗಿದ್ದಾರೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಕಕ್ಕೇರಾದ ಸುತ್ತಲಿನ ದೊಡ್ಡಿಗಳಲ್ಲಿ, ಅಂದರೆ ಹೊಲದ ನಡುವಿನ ಚದುರಿದ ವಸತಿಗಳಲ್ಲಿ, ಮನೆ ಕಾಯಲು ಉಳಿದವರು ಮುದುಕರು. ಮೊಣಕಾಲು ಮಡಚದ ಮುದುಕಿ ಒಲೆ ಮುಂದೆ ಕೂತು ತನ್ನೊಬ್ಬಳಿಗಾಗಿ ರೊಟ್ಟಿ ಬಡಿಯುವುದಿಲ್ಲ. ಚಾದಾಗ ಎರಡು ಟೋಸು ಅದ್ದಿ ತಿಂದು ಮಧ್ಯಾಹ್ನ ಆಯಿತೆನ್ನುತ್ತಾಳೆ.

ಹಲ್ಲಿಗೂ ಸರ್ಕಾರದಲ್ಲಿ ಭಾಗ್ಯವಿದೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು, ಹೆಸರು ದಂತಭಾಗ್ಯ. ಸೆಟ್ಟು ಕಟ್ಟುವುದು ದಂತ ವೈದ್ಯಕೀಯ ಕಾಲೇಜುಗಳಲ್ಲಿ, ಕಾಲೇಜು ಇರುವುದು ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ. ಅಚ್ಚು ತೆಗೆಯಲು ಒಮ್ಮೆ, ಅಳತೆ ನೋಡಲು ಒಮ್ಮೆ, ಹಾಕಿ ನೋಡಲು ಒಮ್ಮೆ, ತಿಕ್ಕಿ ಸರಿಮಾಡಲು ಮತ್ತೊಮ್ಮೆ. ಮುದುಕಿಗೆ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, ಮುದುಕನಿಗೆ ಟಿಕೆಟ್ಟು. ಆದ್ದರಿಂದ ಕಕ್ಕೇರಾದಲ್ಲಿ ಹಲ್ಲು ಸ್ತ್ರೀಯರಿಗೆ ಮೊದಲು ಬರುವ ಸಾಧ್ಯತೆ ಇದೆ. ಸ್ತ್ರೀ ಸಬಲೀಕರಣ ಎಂದರೆ ಇದೇ ಇರಬೇಕು.

ಸರ್ಕಾರಕ್ಕೆ ಅಡುಗೆ ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹುಟ್ಟುವ ಮೊದಲೇ, ಬಸುರಿಗೆ 2017ರಿಂದ ಮಾತೃಪೂರ್ಣದ ಬಿಸಿಯೂಟ. ಹುಟ್ಟಿದ ಮೇಲೆ ಅಂಗನವಾಡಿ. ಶಾಲೆಗೆ ಸೇರಿದರೆ ಅಕ್ಷರ ದಾಸೋಹ. ಅಪೌಷ್ಟಿಕತೆ ಹೆಚ್ಚೆಂದು ಯಾದಗಿರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಮಕ್ಕಳಿಗೆ 2021ರ ಡಿಸೆಂಬರಿನಿಂದ ಶಾಲೆಯಲ್ಲಿ ತತ್ತಿಯೂ ಬಂತು. ಬಹಳ ಒಳ್ಳೆಯದು, ಇನ್ನೂ ಎರಡು ಹೆಚ್ಚು ಕೊಡಲಿ. ಆದರೆ ಅಪೌಷ್ಟಿಕತೆ ಹತ್ತನೇ ತರಗತಿ ಪಾಸಾಗಿ ಊರು ಬಿಟ್ಟು ಹೋಗುವ ಹುಡುಗನಲ್ಲ. ಅದು ಅದೇ ಮನೆಯಲ್ಲಿ, ಅದೇ ಒಲೆಯ ಪಕ್ಕ, ಮುದುಕಿಯ ಮೈಯಲ್ಲಿ ಕೂತಿದೆ. ಮೊಮ್ಮಗ ಶಾಲೆಯಲ್ಲಿ ತತ್ತಿ ತಿಂದು ಬಂದು ಆಯಿಗೆ ಪ್ರೋಟೀನಿನ ಪಾಠ ಒಪ್ಪಿಸುತ್ತಾನೆ. ಆಯಿ ಟೋಸು ಅದ್ದುತ್ತ ಕೇಳುತ್ತಾಳೆ.

ಇದು ಆಗದ ಕೆಲಸವೇ? ಪಕ್ಕದ ತಮಿಳುನಾಡಿನಲ್ಲಿ ಆಗಿನ ಮುಖ್ಯಮಂತ್ರಿ ಎಂ.ಜಿ.ಆರ್. 1982ರಲ್ಲಿ ಮಕ್ಕಳ ಊಟದ ಯೋಜನೆ ಶುರುಮಾಡಿ, 1983ರಲ್ಲೇ ವೃದ್ಧಾಪ್ಯ ವೇತನದವರನ್ನೂ ಅದೇ ಪಂಕ್ತಿಗೆ ಕರೆದರು. ಒಲೆ ಅದೇ, ಅಡುಗೆಯವರು ಅವರೇ, ಪಾತ್ರೆ ಸ್ವಲ್ಪ ದೊಡ್ಡದು. ನಮ್ಮಲ್ಲೂ ಮಧ್ಯಾಹ್ನ ಶಾಲೆಯ ಒಲೆ ಉರಿಯುತ್ತದೆ. ದೊಡ್ಡಿಯ ಮುದುಕಿಗೆ ಒಂದು ಸೌಟು ಗಟ್ಟಿ ಬೇಳೆ, ಒಂದು ತತ್ತಿ ಅಲ್ಲಿಂದ ಹೋಗುವುದಕ್ಕೆ ಹೊಸ ಭಾಗ್ಯ ಬೇಕಿಲ್ಲ, ಮುಚ್ಚಳದ ಡಬ್ಬಿ ಸಾಕು.

"ದೊಡ್ಡಿ ದೊಡ್ಡಿಗೆ ಯಾರ್ರೀ ಹೋಗ್ತಾರ? ರಸ್ತೆ ಸರಿಯಿಲ್ಲ, ಸಿಬ್ಬಂದಿ ಇಲ್ಲ" ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಒಪ್ಪೋಣ. ಆದರೆ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರು ಮನೆಯಲ್ಲೇ ಮತ ಹಾಕಲಿ ಎಂದು ಚುನಾವಣಾ ಆಯೋಗ ವ್ಯವಸ್ಥೆ ಮಾಡಿತು. ಅಧಿಕಾರಿಗಳು ಬಂದರು, ಪೊಲೀಸರು ಬಂದರು, ವಿಡಿಯೊ ಕ್ಯಾಮೆರಾ ಬಂತು, ಮರೆಗೆ ಅಡ್ಡಪರದೆಯೂ ಬಂತು. ಆಗ ರಸ್ತೆಯೂ ಇತ್ತು, ಸಿಬ್ಬಂದಿಯೂ ಇದ್ದರು. ಅದೇ ಮುದುಕಿಯ ಸವೆದ ಹೆಬ್ಬಟ್ಟು ರೇಷನ್ ಅಂಗಡಿಯ ಯಂತ್ರಕ್ಕೆ ಹತ್ತುವುದಿಲ್ಲ, "ನಾಳಿ ಬಾ ಯವ್ವಾ" ಎನ್ನಿಸಿಕೊಂಡು ಮರಳುತ್ತಾಳೆ.

ಹೀಗಾಗಿ ಹಿರಿಯರ ಪೋಷಣೆಗೆ ನನ್ನದೊಂದು ನಮ್ರ ಸಲಹೆ. ಪೌಷ್ಟಿಕ ಆಹಾರವನ್ನು ಆರೋಗ್ಯ ಇಲಾಖೆಯಿಂದ ಬಿಡಿಸಿ ಚುನಾವಣಾ ಆಯೋಗಕ್ಕೆ ಕೊಡಿ. ತತ್ತಿ ಮನೆಗೇ ಬರುತ್ತದೆ, ಅದೂ ಪೊಲೀಸ್ ಬಂದೋಬಸ್ತಿನಲ್ಲಿ.